ತುರ್ತಾಗಿ ಪದ ಬೇಕು: ಗೋಡೆ ಮೇಲೆ ‘ತ್ರಾಪಿಜ್ಯ’ ಬರೆಸುವುದೋ ಬೇಡವೋ?

ಕುಷ್ಟಗಿಯಿಂದ:

ನಾಡಿದ್ದು ಪೇಂಟರ್ ಬರುತ್ತಾನೆ. ನಾಲ್ಕು-ಐದನೇ ತರಗತಿಯ ಹೊರಗೋಡೆಗೆ ಎಂಟು ಆಕೃತಿ, ಒಂದೊಂದಕ್ಕೆ ಎರಡಡಿ ಅಗಲದ ಜಾಗ, ಕೆಳಗೆ ನಾಲ್ಕಿಂಚು ಅಕ್ಷರದಲ್ಲಿ ಹೆಸರು. ತ್ರಿಭುಜ, ಚೌಕ, ಆಯತ, ವೃತ್ತ, ಪಂಚಭುಜ, ಇವಕ್ಕೆ ತಕರಾರಿಲ್ಲ. ಉಳಿದ ಮೂರರಲ್ಲಿ ಸಿಕ್ಕಿಬಿದ್ದಿದ್ದೇನೆ. ‘ಸಮಾಂತರ ಚತುರ್ಭುಜ’ ಎರಡಡಿಯೊಳಗೆ ಕೂಡುವುದಿಲ್ಲ. ‘ವಜ್ರಾಕೃತಿ’ ಅಂದರೆ ಮಕ್ಕಳು ಮೂಲೆ ಮೇಲೆ ನಿಂತ ಚೌಕಕ್ಕೂ ಅದೇ ಹೆಸರು ಹಾಕುತ್ತಾರೆ. ‘ತ್ರಾಪಿಜ್ಯ’ (ಟ್ರೆಪೀಜಿಯಂ, ಎದುರು ಬದಿಗಳ ಒಂದು ಜೋಡಿ ಸಮಾಂತರ ಇರುವುದು) ಬಾಯಿಗೇ ಹತ್ತುವುದಿಲ್ಲ. ಇನ್ನೊಂದು: ಅಡಿಯಲ್ಲಿ ‘ಆಕೃತಿಗಳನ್ನು ವರ್ಗೀಕರಿಸಿ’ ಅಂತ ಚಟುವಟಿಕೆಯ ಸಾಲು ಹಾಕಿಸಬೇಕು, ಅದು ಸರಿಯೇ? ವ್ಯಾಕರಣದ ಪಾಠ ಬೇಡ್ರಿ, ಪದ ಕೊಡ್ರಿ.

ರಾಯಚೂರಿನಿಂದ:

ಪುಸ್ತಕದಲ್ಲಿರುವುದನ್ನೇ ಬರೆಸಿ. ಪ್ರೌಢಶಾಲೆಗೆ ಹೋದ ಮೇಲೂ ಅದೇ ಹೆಸರು ಎದುರಾಗುತ್ತದೆ. ‘ಸಮಾಂತರ’ ಒಂದು ಸಾಲು, ‘ಚತುರ್ಭುಜ’ ಇನ್ನೊಂದು ಸಾಲು. ತ್ರಾ, ಜ್ಯ, ಜ್ರಾ ಮೂರಕ್ಕೂ ಒತ್ತು ಕೆಳಗೆ ಇಳಿಯುತ್ತದೆ. ಪೇಂಟರ್‌ಗೆ ಮೊದಲೇ ಹೇಳಿ, ನಾಲ್ಕಿಂಚು ಅಕ್ಷರಕ್ಕೆ ಆರಿಂಚು ಪಟ್ಟಿ ಬಿಡದಿದ್ದರೆ ಒತ್ತನ್ನು ಸಾಸಿವೆಕಾಳು ಮಾಡಿಡುತ್ತಾನೆ. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಬಳ್ಳಾರಿಯಿಂದ:

ಇದೆ. ‘ಭುಜ’ ಅಂದರೆ ಕನ್ನಡದ ಮಗು ಹೆಗಲು ಮುಟ್ಟಿಕೊಳ್ಳುತ್ತದೆ. ಸಂಸ್ಕೃತದಲ್ಲಿ ಅದು ತೋಳು ಎನ್ನುವುದು ಮಗುವಿಗೂ ಗೊತ್ತಿಲ್ಲ, ಮೇಷ್ಟ್ರಿಗೂ ನೆನಪಿಲ್ಲ. ಮುಮ್ಮೂಲೆ, ನಾಲ್ಮೂಲೆ, ಐಮೂಲೆ ಎನ್ನಿ, ಎಣಿಕೆ ಹೆಸರಲ್ಲೇ ಕೂತಿದೆ. ಇನ್ನು ತ್ರಾಪಿಜ್ಯ! ಅದು ಕನ್ನಡವೂ ಅಲ್ಲ, ಸಂಸ್ಕೃತವೂ ಅಲ್ಲ. ಗ್ರೀಕರ ‘ತ್ರಪೇಜಿಯೋನ್’, ಅಂದರೆ ಚಿಕ್ಕ ಮೇಜು. ಮಡಿ ಉಟ್ಟು ಬಂದಿದೆ ಅಷ್ಟೆ.

ರಾಯಚೂರಿನಿಂದ:

ತ್ರಾಪಿಜ್ಯದಲ್ಲಿ ‘ಜ್ಯಾ’ ಇರುವುದು ಕಾಣುವುದಿಲ್ಲವೇ? ಬಿಲ್ಲಿನ ಹೆದೆ. ಶುದ್ಧ ಸಂಸ್ಕೃತ.

ಬಳ್ಳಾರಿಯಿಂದ:

ಹೆದೆ ಇರುವುದು ‘ತ್ರಿಜ್ಯ’ದಲ್ಲಿ ಸ್ವಾಮಿ. ಮೂರು ರಾಶಿಯ, ಎಂದರೆ 90 ಡಿಗ್ರಿಯ, ಜ್ಯಾ ವೃತ್ತದ ಅರ್ಧವ್ಯಾಸಕ್ಕೆ ಸಮ, ಅದಕ್ಕೇ ಆ ಹೆಸರು. ಅದೇ ‘ಜ್ಯಾ’ ಅರಬ್ಬರ ಬಾಯಲ್ಲಿ ‘ಜೀಬ’ ಆಗಿ, ‘ಜೈಬ್’ ಎಂದು ತಪ್ಪು ಓದಿಸಿಕೊಂಡು, ಲ್ಯಾಟಿನ್ನಿನಲ್ಲಿ ‘ಸೈನಸ್’ ಆಗಿ ಈಗ ‘ಸೈನ್’ ಅಂತ ನಮ್ಮ ಪುಸ್ತಕಕ್ಕೇ ವಾಪಸ್ ಬಂದಿದೆ. ತ್ರಾಪಿಜ್ಯಕ್ಕೂ ಅದಕ್ಕೂ ನಂಟಿಲ್ಲ. ಮಕ್ಕಳು ಮುಂದೆ ತ್ರಿಜ್ಯ-ತ್ರಾಪಿಜ್ಯ ಕಲಸಿಕೊಳ್ಳುವುದಕ್ಕೆ ಈ ಸುಳ್ಳು ಹೋಲಿಕೆಯೇ ಕಾರಣ.

ಸಿಂಧನೂರಿನಿಂದ:

ನೀವಿಬ್ಬರೂ ಜಗಳ ಮುಂದುವರಿಸಿ. ಕುಷ್ಟಗಿಯವರಿಗೆ ನಾಡಿದ್ದಿಗೆ ಬೇಕು.

ಮೊದಲು ‘ವರ್ಗೀಕರಿಸಿ’ ಬೇಡ. ಮೇಲಿನ ತರಗತಿಯಲ್ಲಿ ಚೌಕಕ್ಕೇ ‘ವರ್ಗ’ ಅನ್ನುತ್ತಾರೆ, ಸಂಖ್ಯೆಗೂ ವರ್ಗ ಇದೆ, ತರಗತಿಗೂ ವರ್ಗ ಅನ್ನುತ್ತಾರೆ, ಮೇಷ್ಟ್ರುಗಳಿಗಂತೂ ವರ್ಗ ಅಂದರೆ ಬೇರೆಯೇ ಚಿಂತೆ. ‘ವಿಂಗಡಿಸಿ’ ಸಾಕು.

ಮುಮ್ಮೂಲೆಯ ತೊಂದರೆ ಹೇಳುತ್ತೇನೆ. ಮೂಲೆ ಎಣಿಸುವುದನ್ನಷ್ಟೇ ಕಲಿತ ಮಗು, ಬದಿ ಬಾಗಿದ್ದರೂ, ಗೆರೆ ಒಂದು ಕಡೆ ಕೂಡದೆ ಬಾಯಿ ತೆರೆದಿದ್ದರೂ ಮೂರು ಮೂಲೆ ಕಂಡರೆ ತ್ರಿಭುಜ ಅನ್ನುತ್ತದೆ. ಹಾಗಂತ ಮೂಲೆಗೆ ಪುಸ್ತಕದ ‘ಶೃಂಗ’ವೂ ಬೇಡ. ಅದನ್ನು ಶಿಖರ ಅಂದುಕೊಂಡು ಮೇಲಿನ ಒಂದು ತುದಿಯನ್ನಷ್ಟೇ ತೋರಿಸುತ್ತಾರೆ. ನಾಲ್ಕನೇ ತರಗತಿಗೆ ‘ಬದಿ’, ‘ಮೂಲೆ’ ಎರಡೂ ಇರಲಿ. ಮೂರು ಪ್ರಶ್ನೆ, ಇದೇ ಅನುಕ್ರಮದಲ್ಲಿ: ಗೆರೆ ಮುಚ್ಚಿದೆಯೇ, ಬದಿಗಳೆಲ್ಲ ನೆಟ್ಟಗಿವೆಯೇ, ಎಷ್ಟು ಬದಿ?

ಇಪ್ಪತ್ತು ಕಾರ್ಡು ಕತ್ತರಿಸಿಕೊಳ್ಳಿ. ಹದಿನಾಲ್ಕರಲ್ಲಿ ಸರಿಯಾದ ಆಕೃತಿ, ಆರರಲ್ಲಿ ಬೇಕಂತಲೇ ತಪ್ಪು: ಮೂಲೆ ದುಂಡಗಾದ ಆಯತ, ಬಾಯಿ ತೆರೆದ ತ್ರಿಭುಜ, ಒಂದು ಬದಿ ಬಾಗಿದ ಚೌಕ, ಹೀಗೆ. ತ್ರಿಭುಜವೆಲ್ಲ ಗೋಪುರದಂತೆ ನೆಟ್ಟಗೆ ನಿಂತಿದ್ದರೆ ತಲೆಕೆಳಗಾದದ್ದನ್ನು, ಸೂಜಿಯಂತೆ ಸಣಕಲಾದದ್ದನ್ನು ಮಕ್ಕಳು ಆಚೆ ತೆಗೆದಿಡುತ್ತಾರೆ. ಅದಕ್ಕೆ ಅಂಥ ಮೂರಾದರೂ ಇರಲೇಬೇಕು. ಪೇಂಟರ್‌ಗೂ ಹೇಳಿ, ಗೋಡೆಯ ತ್ರಿಭುಜ ವಾಲಿರಲಿ.

ಮೂಲೆ ಮೇಲೆ ನಿಂತ ಚೌಕವನ್ನು ವಜ್ರಾಕೃತಿ ಅನ್ನುವುದು ತಪ್ಪಲ್ಲ, ನಾಲ್ಕೂ ಬದಿ ಸಮವಿದೆಯಲ್ಲ. ‘ಈಗ ಅದು ಚೌಕ ಅಲ್ಲ’ ಅನ್ನುವುದು ತಪ್ಪು. ನಾಲ್ಕು ಬೆಂಕಿಕಡ್ಡಿಯ ಮದ್ದು ಕೆರೆದು, ಸೈಕಲ್ ವಾಲ್ವ್ ಟ್ಯೂಬಿನ ಒಂದೂವರೆ ಸೆಂಟಿಮೀಟರಿನ ನಾಲ್ಕು ತುಂಡಿನಿಂದ ಮೂಲೆ ಜೋಡಿಸಿ. ಚೌಕ ಆಯಿತು. ಎದುರು-ಬದುರು ಮೂಲೆ ಹಿಡಿದು ಒತ್ತಿದರೆ ಬದಿ ಹಾಗೇ ಇದ್ದು ಮೂಲೆ ಮಾತ್ರ ಕಿರಿದು-ಅಗಲ ಆಗುತ್ತದೆ. ಸುಮ್ಮನೆ ತಿರುಗಿಸಿದರೆ ಮೂಲೆಗೆ ಏನೂ ಆಗುವುದಿಲ್ಲ. ಹಾಳೆಯ ಮೂಲೆ ಇಟ್ಟು ನೋಡಿದರೆ ಎರಡಕ್ಕೂ ಇರುವ ಫರಕು ಐದು ನಿಮಿಷದ ಕೆಲಸ. ಮೂರು ಕಡ್ಡಿಯ ತ್ರಿಭುಜ ಎಷ್ಟು ಒತ್ತಿದರೂ ಜಗ್ಗುವುದಿಲ್ಲ, ಅದನ್ನೂ ಕೈಗೆ ಕೊಡಿ.

ಗಂಗಾವತಿಯಿಂದ:

ವಜ್ರ ಯಾವ ಮಗು ಕಂಡಿದೆ? ಶಂಕರಪೋಳಿ ಕಂಡಿದೆ. ಲಟ್ಟಿಸಿದ ಹಿಟ್ಟಿನ ಮೇಲೆ ಎರಡೂ ಓರೆಗೆ ಒಂದೊಂದು ಬೆರಳು ಬಿಟ್ಟು ಗೆರೆ ಕೊಯ್ದರೆ ವಜ್ರಾಕೃತಿ. ಒಂದು ಕಡೆ ಒಂದು ಬೆರಳು, ಇನ್ನೊಂದು ಕಡೆ ಎರಡು ಬೆರಳು ಬಿಟ್ಟರೆ ಸಮಾಂತರ ಚತುರ್ಭುಜ. ಅಂಚಿನಲ್ಲಿ ಒಂದು ಬದಿ ಬಾಗಿದ ತುಂಡು ಉಳಿಯುತ್ತವಲ್ಲ, ಅವು ‘ಯಾವುದೂ ಅಲ್ಲ’ ಗುಂಪಿಗೆ. ಇಲ್ಲಿ ಗೆರೆ ಎಳೆದು ತೋರಿಸಲು ಹಿಟ್ಟೇ ಬೇಕಿಲ್ಲ, ನೆನೆಸಿದ ಮಣ್ಣು ಸಾಕು.

ತ್ರಾಪಿಜ್ಯಕ್ಕೆ ನಮ್ಮ ತುಂಗಭದ್ರಾ ಎಡದಂಡೆ ಕಾಲುವೆ ಇದೆ. ಅಡ್ಡಕ್ಕೆ ಸೀಳಿ ನೋಡಿದರೆ ತಳ ಕಿರಿದು, ಮೇಲೆ ಅಗಲ, ಎರಡೂ ಮಟ್ಟಸ, ದಂಡೆಗಳು ಓರೆ. ಹೊಲದ ಬದು ಅದರ ಉಲ್ಟಾ: ತಳ ಅಗಲ, ತಲೆ ಕಿರಿದು. ಎರಡನ್ನೂ ಪಕ್ಕಪಕ್ಕ ಬರೆಸಿ. ‘ಕಾಲುವೆಯಾಕೃತಿ’ ಅಂತ ಹೆಸರಿಟ್ಟರೆ ಏನಾಗುತ್ತದೆ?

ರಾಯಚೂರಿನಿಂದ:

ನಗೆಪಾಟಲಾಗುತ್ತದೆ. ನೃಪತುಂಗನ ಕಾಲದ ಗಣಿತಜ್ಞ ಮಹಾವೀರಾಚಾರ್ಯ ಚತುರ್ಭುಜಗಳನ್ನು ಸಮ, ದ್ವಿದ್ವಿಸಮ, ದ್ವಿಸಮ, ತ್ರಿಸಮ, ವಿಷಮ ಎಂದು ಐದು ಬಗೆ ಮಾಡಿಟ್ಟಿದ್ದಾನೆ. ಗ್ರೀಕ್ ಬೇಡವಾದರೆ ‘ದ್ವಿಸಮ’ ಬರೆಸಿ.

ಸಿಂಧನೂರಿನಿಂದ:

ಅವನು ವಿಂಗಡಿಸಿದ್ದು ಬದಿಗಳ ಅಳತೆ ನೋಡಿ, ಸಮಾಂತರ ನೋಡಿ ಅಲ್ಲ. ಎರಡೂ ಓರೆ ಸಮವಿರುವ ತ್ರಾಪಿಜ್ಯ ದ್ವಿಸಮಕ್ಕೆ ಬಿದ್ದೀತು. ಒಂದು ದಂಡೆ ಕಡಿದಾಗಿ, ಇನ್ನೊಂದು ಇಳಿಜಾರಾಗಿ, ನಾಲ್ಕೂ ಬದಿ ಬೇರೆ ಬೇರೆಯಾದದ್ದು? ವಿಷಮಕ್ಕೆ ಹೋಗುತ್ತದೆ. ಹೆಸರು ಹಳೆಯದಾದ ಮಾತ್ರಕ್ಕೆ ಕೆಲಸಕ್ಕೆ ಬರುವುದಿಲ್ಲ.

ಬಳ್ಳಾರಿಯಿಂದ:

ಹಿಂದಿ, ಮರಾಠಿಯವರು ‘ಸಮಲಂಬ’ ಅನ್ನುತ್ತಾರೆ, ಅದಾದರೂ ಅರ್ಥ ಇರುವ ಪದ. ನಮಗೆ ಮಾತ್ರ ಗ್ರೀಕ್ ಮೇಜು.

ರಾಯಚೂರಿನಿಂದ:

ಈಗ ಸಂಸ್ಕೃತ ಆಗಬಹುದೇ? ನಿನ್ನೆ ಮಡಿ ಅಂದಿರಿ. ‘ಚೌಕ’ವೂ ಸಂಸ್ಕೃತದ ಚತುಷ್ಕ ಪ್ರಾಕೃತದ ದಾರಿಯಲ್ಲಿ ಬಂದದ್ದು, ಅದನ್ನೂ ಅಳಿಸಿ. ‘ಕೇಂದ್ರ’ ಗ್ರೀಕಿನದು, ಅದನ್ನೂ. ರಾಯಚೂರಿನ ಉರ್ದು ಶಾಲೆಯ ಮಗು ತ್ರಿಭುಜ, ಚೌಕ, ಆಯತಗಳನ್ನು ಮುಸಲ್ಲಸ್, ಮುರಬ್ಬಾ, ಮುಸ್ತತೀಲ್ ಅಂತ ಅರಬ್ಬಿ ಹೆಸರಲ್ಲೇ ಕಲಿಯುತ್ತದೆ. ಯಾರ ಗಣಿತವೂ ಕೆಟ್ಟಿಲ್ಲ.

ಬಳ್ಳಾರಿಯಿಂದ:

ಸಾಲ ಬೇಡ ಅಂದವರಾರು? ತಂದ ಸಾಲ ಬಾಯಿಗೆ ಹತ್ತಬೇಕು ಅಂದೆ. ನಮ್ಮೂರಲ್ಲಿ ಗಡಿಗಿ ಚೆನ್ನಪ್ಪ ವೃತ್ತ ಅಂತ ಬೋರ್ಡಿನಲ್ಲಿದೆ, ಜನ ರಾಯಲ್ ಸರ್ಕಲ್ ಅನ್ನುತ್ತಾರೆ. ಇನ್ನು ಎಷ್ಟೋ ಊರಲ್ಲಿ ನಾಲ್ಕು ರಸ್ತೆ ಕೂಡಿದ್ದಕ್ಕೆಲ್ಲ ವೃತ್ತ. ದುಂಡಗಿನದು ಒಂದೂ ಇರುವುದಿಲ್ಲ.

ಕುಷ್ಟಗಿಯಿಂದ:

ಪೇಂಟರ್‌ಗೆ ಕಳಿಸಿಯಾಯಿತು. ತಲೆಬರಹ ‘ಸಮತಲ ಆಕೃತಿಗಳು’, ಅಡಿಯಲ್ಲಿ ‘ವಿಂಗಡಿಸಿ’. ತ್ರಿಭುಜ ವಾಲಿದ್ದು. ‘ಸಮಾಂತರ ಚತುರ್ಭುಜ’ ಎರಡು ಸಾಲು. ‘ವಜ್ರಾಕೃತಿ’ ಹಾಗೇ, ಪಕ್ಕದಲ್ಲಿ ಮೂಲೆ ಮೇಲೆ ನಿಂತ ಚೌಕ, ಅದರಡಿ ‘ಇದೂ ಚೌಕ’. ‘ತ್ರಾಪಿಜ್ಯ’ ದೊಡ್ಡ ಅಕ್ಷರದಲ್ಲಿ, ಒಂದರೊಳಗೆ ‘ಕಾಲುವೆ’, ತಲೆಕೆಳಗಾದ ಇನ್ನೊಂದರೊಳಗೆ ‘ಬದು’. ಪಟ್ಟಿ ಆರಿಂಚು. ಎಲ್ಲರಿಗೂ ನಮಸ್ಕಾರ.

ಬಳ್ಳಾರಿಯಿಂದ:

ಮುಮ್ಮೂಲೆ ಎಲ್ಲಿ?

ಕುಷ್ಟಗಿಯಿಂದ:

ತ್ರಿಭುಜಕ್ಕೆ ತಕರಾರಿಲ್ಲ ಅಂತ ಮೊದಲೇ ಬರೆದಿದ್ದೆನಲ್ಲರೀ.