ಕಡ್ಲೆಕಾಯಿ ಹಾಳು ಮಾಡಿದ್ದು ಜಿಂಕೆನೋ, ಬೂಷ್ಟೋ?

ಕೊಡಿಗೇನಹಳ್ಳಿ ಕಡೆಯವನು:
ಮಧುಗಿರಿ ತಾಲ್ಲೂಕು, ಮೈದನಹಳ್ಳಿ ಜಿಂಕೆ ವನದ ಹತ್ರ ನಮ್ಮದು ಎರಡು ಎಕರೆ. ಈ ಸಲ ಕಡ್ಲೆಕಾಯಿ ಕಿತ್ರೆ ನಾಲ್ಕು ಮೂಟೆನೂ ತುಂಬಲಿಲ್ಲ. "ಕಾವಲಿಗೆ ಹೋಗು ಅಂದ್ರೆ ಮಲಗಿದೆ, ಜಿಂಕೆ ಮೇಯ್ದ್ವು" ಅಂತ ಅಪ್ಪ ದಿನಾ ಬೈತಾರೆ. ಬದು ಪಕ್ಕ ಗೊರಸಿನ ಗುರುತು, ಹಿಕ್ಕೆ ಇದ್ದಿದ್ದು ನಿಜ. ಆದ್ರೆ ಹೊಲದ ನಡುವೆ ಎಲೆ ಎಲ್ಲ ಸಾಲಲ್ಲಿ ಉದುರಿ ಬಿದ್ದಿತ್ತು, ಗಿಡದಲ್ಲಿ ಬರೀ ಕಡ್ಡಿ. ಗಿಡ ಎಳೆದ್ರೆ ಅರ್ಧ ಕಾಯಿ ಮಣ್ಣಲ್ಲೇ ಉಳೀತಿತ್ತು. ಅಂಗಡಿಯವರು ಕೊಟ್ಟ ಹುಳದ ಔಷಧಿ ಎರಡು ಸಲ ಹೊಡೆದಿದ್ದೆ. ಯಾರನ್ನ ಬೈಯಬೇಕು ಹೇಳಿ.

ಪಾವಗಡದ ಹೊಲ:
ಅಣ್ಣ, ತಿನ್ನೋ ಪ್ರಾಣಿ ಎಲೆ ಉದುರಿಸಿ ಹೋಗುತ್ತಾ? ಅದು ಟಿಕ್ಕಾ, ಎಲೆಚುಕ್ಕೆ ರೋಗ. ಎಲೆ ಹಿಂಬದಿ ನೋಡಿದ್ರಾ? ಮೊದಲು ಬರೋ ಚುಕ್ಕೆ ಕಂದು ಬಣ್ಣ, ಸುತ್ತ ಹಳದಿ ಬಳೆ. ತಡವಾಗಿ ಬರೋದು ಹಿಂಬದಿ ಕಪ್ಪಗೆ, ಮುಟ್ಟಿದ್ರೆ ಒರಟು. ಎರಡೂ ಶಿಲೀಂಧ್ರ, ಹುಳದ ಔಷಧಿಗೆ ಜಗ್ಗಲ್ಲ. ಕಾಯಿ ಹಿಡಿದಿರೋ ಬಳ್ಳಿ ಸೊರಗಿರುತ್ತೆ, ಅದಕ್ಕೇ ಮಣ್ಣಲ್ಲಿ ಉಳಿದಿದ್ದು. ಜಿಂಕೆ ಕುಡಿ ಕಚ್ಚಿ ಮುಂದೆ ಹೋಗುತ್ತೆ, ಒಂದು ಹದ ಮಳೆ ಬಿದ್ರೆ ಗಿಡ ಮತ್ತೆ ಚಿಗುರುತ್ತೆ. ಬೂಷ್ಟು ಹಳೇ ಬಳ್ಳಿ, ಉದುರಿದ ಎಲೆಯಲ್ಲೇ ಉಳಿದು ಮುಂದಿನ ವರ್ಷಕ್ಕೆ ಕಾಯುತ್ತೆ. ಆ ಹೊಲಕ್ಕೆ ಮುಂದಿನ ಸಲ ರಾಗಿ ಹಾಕಿ.

ಕ್ಯಾಮೆರಾ ಹುಚ್ಚ, ತುಮಕೂರು:
ಒಂದು ತಕರಾರು. ಮೈದನಹಳ್ಳೀಲಿ ಇರೋದು ಕೃಷ್ಣಮೃಗ. ಊರೆಲ್ಲ ಜಿಂಕೆ ಅಂತೀವಿ, ಆದ್ರೆ ಲೆಕ್ಕಕ್ಕೆ ಅದು ಜಿಂಕೆ ಜಾತಿ ಅಲ್ಲ. ಚುಕ್ಕೆ ಜಿಂಕೆ ಗಂಡಿನ ಕೊಂಬು ಕವಲೊಡೆಯುತ್ತೆ, ಉದುರಿ ಮತ್ತೆ ಬರುತ್ತೆ. ಕೃಷ್ಣಮೃಗದ್ದು ತಿರುಚಿದ ಕೊಂಬು, ಸಾಯೋವರೆಗೂ ಅದೇ. ನಿಮ್ಮ ಹೊಲದಲ್ಲಿ ಚುಕ್ಕೆ ಇದ್ದಿದ್ದು ಎಲೆ ಮೇಲೆ ಮಾತ್ರ. ಉರುಳು ಗಿರುಳು ಹಾಕೋಕೆ ಹೋಗ್ಬೇಡಿ, 1972ರ ವನ್ಯಜೀವಿ ರಕ್ಷಣೆ ಕಾಯ್ದೆಯ ಒಂದನೇ ಪಟ್ಟಿಯಲ್ಲಿದೆ, ಜೈಲೇ.

ಪಾವಗಡದ ಹೊಲ:
ಹೆಸರು ಏನಾದ್ರೂ ಇರ್ಲಿ ಸ್ವಾಮಿ, ದುಡ್ಡಿನ ವಿಷಯದಲ್ಲಿ ಮೃಗಾನೇ ವಾಸಿ. ಅದು ಮೇಯ್ದ್ರೆ ಫೋಟೋ, ಪಹಣಿ ಇಟ್ಟು ಅರಣ್ಯ ಇಲಾಖೆಗೆ ಅರ್ಜಿ ಹಾಕ್ಬಹುದು. ಬೂಷ್ಟಿಗೆ ಹಾಗೆ ಅರ್ಜಿ ಇಲ್ಲ. ಬೆಳೆ ವಿಮೆಯವರು ಇಳುವರಿ ನೋಡೋದು ಪಂಚಾಯ್ತಿಗೆ ಸೇರಿಸಿ, ನಿಮ್ಮೊಬ್ಬರ ಹೊಲ ಹೋದ್ರೆ ಕೇಳೋರಿಲ್ಲ.

ಕೊಡಿಗೇನಹಳ್ಳಿ ಕಡೆಯವನು:
ಬಣವೆಯಿಂದ ಒಂದು ಬಳ್ಳಿ ಎಳೆದು, ಎಲೆ ಹಿಂಬದಿ ಕಪ್ಪು ಚುಕ್ಕೆ ಅಪ್ಪಂಗೆ ತೋರಿಸಿದೆ. ಕನ್ನಡಕ ಹಾಕ್ಕೊಂಡು ನೋಡಿ, "ಜಿಂಕೆ ಉಚ್ಚೆ ಬಿದ್ದು ಹಂಗಾಗಿರೋದು" ಅಂದ್ರು.