ಬ್ರಿಟನ್ನಿನಲ್ಲಿ ಡೆಂಟಲ್ ನರ್ಸ್ ಕೆಲಸಕ್ಕೆ ಸಿವಿ: ಬಿಡಿಎಸ್ ಓದಿದವರು ಏನು ಬರೆಯಬೇಕು?

ಪ್ರಶ್ನೆ (ಸದಸ್ಯೆ, ಲೆಸ್ಟರ್):

ನಮಸ್ಕಾರ ಅಕ್ಕ. ನೀವು ಡೆಂಟಲ್ ನರ್ಸ್ ಆಗಿದ್ದು, ಈಗ ಪ್ರಾಕ್ಟೀಸ್ (ಅಂದರೆ ಇಲ್ಲಿಯ ಹಲ್ಲಿನ ಕ್ಲಿನಿಕ್) ಮ್ಯಾನೇಜರ್ ಆಗಿ ಹೊಸಬರನ್ನು ಆರಿಸುತ್ತೀರಿ ಅಂತ ಗುಂಪಿನಲ್ಲಿ ಓದಿದೆ. ಅದಕ್ಕೇ ಕೇಳುತ್ತಿದ್ದೇನೆ.

ನಾನು ಕರ್ನಾಟಕದಲ್ಲಿ ಬಿಡಿಎಸ್ ಮುಗಿಸಿ, ದಾವಣಗೆರೆಯ ಒಂದು ಕ್ಲಿನಿಕ್‌ನಲ್ಲಿ ಮೂರು ವರ್ಷ ಕೆಲಸ ಮಾಡಿದ್ದೆ. ಯಜಮಾನರ ಕೆಲಸದಿಂದಾಗಿ ಇಲ್ಲಿಗೆ ಬಂದೆವು. ನನ್ನದು ಡಿಪೆಂಡೆಂಟ್ ವೀಸಾ. ಓಆರ್‌ಇಗೆ, ಅಂದರೆ ವಿದೇಶದಲ್ಲಿ ಓದಿದ ಡೆಂಟಿಸ್ಟ್‌ಗಳು ಇಲ್ಲಿ ರಿಜಿಸ್ಟರ್ ಆಗಲು ಬರೆಯುವ ಪರೀಕ್ಷೆಗೆ, ಓದುತ್ತಿದ್ದೇನೆ, ಆದರೆ ಸೀಟು ಸಿಗುವುದೇ ಕಷ್ಟ. ಅಲ್ಲಿಯವರೆಗೆ ಟ್ರೈನಿ ಡೆಂಟಲ್ ನರ್ಸ್ ಆಗಿ ಸೇರೋಣ ಅಂತ ಸುಮಾರು ಕಡೆ ಸಿವಿ ಕಳಿಸಿದೆ. ಒಬ್ಬರೂ ಉತ್ತರ ಕೊಡಲಿಲ್ಲ.

ನನ್ನ ಸಿವಿ ಮೂರು ಪುಟ ಇದೆ. ಮೇಲೆ ‘ಡಾ.’ ಅಂತ ಹಾಕಿ ಹೆಸರು, ಫೋಟೋ, ಹುಟ್ಟಿದ ದಿನ, ಗಂಡನ ಹೆಸರು. ಆಮೇಲೆ ಗುರಿ: ‘ಓಆರ್‌ಇ ಪಾಸಾಗಿ ಬ್ರಿಟನ್ನಿನಲ್ಲಿ ದಂತವೈದ್ಯೆ ಆಗುವುದು’. ಆಮೇಲೆ ಹತ್ತನೇ ಕ್ಲಾಸಿನಿಂದ ಬಿಡಿಎಸ್‌ವರೆಗಿನ ಮಾರ್ಕ್ಸ್, ಹೋದ ಕಾನ್ಫರೆನ್ಸ್‌ಗಳು, ಮಾಡಿದ ರೂಟ್ ಕೆನಾಲ್, ಕ್ರೌನ್, ಹಲ್ಲು ಕೀಳುವ ಕೆಲಸಗಳ ಪಟ್ಟಿ. ಎಲ್ಲಿ ಎಡವಿದ್ದೇನೆ?

ಉತ್ತರ:

ನಮಸ್ಕಾರ. ನಿಮ್ಮ ಓದಿನಲ್ಲಿ ಏನೂ ಕೊರತೆ ಇಲ್ಲ. ಆದರೆ ಈ ಸಿವಿ ಡೆಂಟಿಸ್ಟ್ ಕೆಲಸ ಕೇಳುತ್ತಿದೆ, ನೀವು ಕಳಿಸಿರುವುದು ನರ್ಸ್ ಕೆಲಸಕ್ಕೆ. ಓದುವ ಮ್ಯಾನೇಜರ್‌ಗೆ ಎರಡೇ ವಿಷಯ ಗೊತ್ತಾಗಬೇಕು. ಸೋಮವಾರ ಬೆಳಿಗ್ಗೆ ಇವರು ಬಂದರೆ ಸರ್ಜರಿ ನಡೆಯುತ್ತದೆಯೇ? ಟ್ರೈನಿಂಗ್ ಮುಗಿಯುವವರೆಗಾದರೂ ಇರುತ್ತಾರೆಯೇ? (ಸರ್ಜರಿ ಅಂದರೆ ಇಲ್ಲಿ ಡೆಂಟಲ್ ಚೇರ್ ಇರುವ ಕೋಣೆ.) ನಿಮ್ಮ ಸಿವಿಯಲ್ಲಿ ಮೊದಲನೆಯದಕ್ಕೆ ಉತ್ತರ ಇಲ್ಲ. ಎರಡನೆಯದಕ್ಕೆ ‘ಇರುವುದಿಲ್ಲ’ ಅಂತ ನೀವೇ ಗುರಿಯ ಸಾಲಿನಲ್ಲಿ ಬರೆದುಬಿಟ್ಟಿದ್ದೀರಿ.

ಮೊದಲು ಕಾನೂನಿನ ಮಾತು, ಯಾಕೆಂದರೆ ಇದರಲ್ಲಿ ಎಡವಿದರೆ ತೊಂದರೆ ದೊಡ್ಡದು. 2008ರ ಜುಲೈ ಕೊನೆಯಿಂದ ಇಲ್ಲಿ ಡೆಂಟಲ್ ನರ್ಸ್‌ಗಳು ಜನರಲ್ ಡೆಂಟಲ್ ಕೌನ್ಸಿಲ್‌ನಲ್ಲಿ, ಅಂದರೆ ಜಿಡಿಸಿಯಲ್ಲಿ, ರಿಜಿಸ್ಟರ್ ಆಗಿರಲೇಬೇಕು. ರಿಜಿಸ್ಟರ್ ಆಗದವರು ‘ಡೆಂಟಲ್ ನರ್ಸ್’ ಅಂತ ಹೇಳಿಕೊಳ್ಳುವ ಹಾಗಿಲ್ಲ. ‘ಡೆಂಟಿಸ್ಟ್’ ಅಂತಲೂ ಇಲ್ಲ. ಹಾಗಾಗಿ ಸಿವಿಯ ತಲೆಯಲ್ಲಿ ‘ಟ್ರೈನಿ ಡೆಂಟಲ್ ನರ್ಸ್ ಹುದ್ದೆಗೆ ಅರ್ಜಿ’ ಅಂತಲೇ ಇರಲಿ. ಹೆಸರಿನ ಮುಂದಿನ ‘ಡಾ.’ ತೆಗೆಯಿರಿ. ಡೆಂಟಲ್ ಕೆಲಸದ ಅರ್ಜಿಯಲ್ಲಿ ಅದನ್ನು ನೋಡಿದವರು ನಿಮಗೆ ಇಲ್ಲಿಯ ರಿಜಿಸ್ಟ್ರೇಷನ್ ಇದೆ ಅಂದುಕೊಳ್ಳಬಹುದು.

ಇನ್ನೊಂದು. ಬಿಡಿಎಸ್ ತೋರಿಸಿ ನೇರವಾಗಿ ಡೆಂಟಲ್ ನರ್ಸ್ ಅಥವಾ ಡೆಂಟಲ್ ಥೆರಪಿಸ್ಟ್ ಆಗಿ ಜಿಡಿಸಿಯಲ್ಲಿ ರಿಜಿಸ್ಟರ್ ಆಗಬಹುದು ಅಂತ ಹಳಬರು ಯಾರಾದರೂ ಹೇಳಿದ್ದರೆ, ಆ ದಾರಿ 2023ರ ಮಾರ್ಚ್‌ನಲ್ಲಿ ಮುಚ್ಚಿದೆ. ಈಗ ನೀವು ಜಿಡಿಸಿ ಒಪ್ಪಿದ ಕೋರ್ಸ್ ಮಾಡಬೇಕು. ಎನ್‌ಇಬಿಡಿಎನ್ ಅನ್ನುವ ಡೆಂಟಲ್ ನರ್ಸ್ ಪರೀಕ್ಷಾ ಮಂಡಳಿಯ ಡಿಪ್ಲೊಮಾ ಇದೆ, ಲೆವೆಲ್ 3 ಡಿಪ್ಲೊಮಾಗಳಿವೆ, ಅಪ್ರೆಂಟಿಸ್‌ಶಿಪ್ ಇದೆ. ಟ್ರೈನಿಯಾಗಿ ಕೆಲಸ ಮಾಡಲು ಕೋರ್ಸಿಗೆ ಸೇರಿರಬೇಕು, ಇಲ್ಲವೇ ಶುರುವಾಗುವುದನ್ನು ಕಾಯುತ್ತಿರಬೇಕು. ಸೇರಿದ್ದರೆ ಕೋರ್ಸಿನ ಹೆಸರು, ಶುರುವಾಗುವ ತಿಂಗಳು ಎರಡನ್ನೂ ಮೇಲಿನ ಅರ್ಧ ಪುಟದಲ್ಲೇ ಹಾಕಿ. ನೂರು ಗುಣವಾಚಕಗಳಿಗಿಂತ ಆ ಒಂದು ಸಾಲು ಜಾಸ್ತಿ ಕೆಲಸ ಮಾಡುತ್ತದೆ.

ಈಗ ತೆಗೆಯಬೇಕಾದ್ದು. ಫೋಟೋ, ಹುಟ್ಟಿದ ದಿನ, ಗಂಡನ ಹೆಸರು, ಮದುವೆ, ಧರ್ಮ ಯಾವುದೂ ಬೇಡ. ವಯಸ್ಸು, ಮದುವೆ, ಧರ್ಮ ನೋಡಿ ಭೇದ ಮಾಡಬಾರದು ಅಂತ 2010ರ ಈಕ್ವಾಲಿಟಿ ಆಕ್ಟ್ ಹೇಳುತ್ತದೆ. ಆದ್ದರಿಂದ ಈ ವಿವರ ಕೈಗೆ ಬರುವುದೇ ಮ್ಯಾನೇಜರ್‌ಗಳಿಗೆ ಇರುಸುಮುರುಸು. ಹತ್ತನೇ ಕ್ಲಾಸಿನ ಮಾರ್ಕ್ಸ್ ಬೇಡ. ಕಾನ್ಫರೆನ್ಸ್ ಪಟ್ಟಿ ಬೇಡ. ಒಟ್ಟು ಎರಡು ಪುಟ ಸಾಕು.

ಇಟ್ಟುಕೊಳ್ಳಬೇಕಾದ್ದು: ಹೆಸರು, ಊರು ಮತ್ತು ಪೋಸ್ಟ್‌ಕೋಡಿನ ಮೊದಲ ಭಾಗ, ಇಲ್ಲಿಯ ಮೊಬೈಲ್ ನಂಬರ್, ಇಮೇಲ್. ಅದರ ಕೆಳಗೇ ‘ಪೂರ್ತಿ ಕೆಲಸ ಮಾಡುವ ಹಕ್ಕಿದೆ, ಸ್ಪಾನ್ಸರ್‌ಶಿಪ್ ಬೇಡ’ ಅಂತ ಒಂದು ಸಾಲು. ಇದು ನಿಮ್ಮ ಸಿವಿಯಲ್ಲಿ ಎಲ್ಲೂ ಇಲ್ಲ! ವಿದೇಶದ ಡಿಗ್ರಿ ಕಂಡ ಕೂಡಲೇ ವೀಸಾ ಕೊಡಿಸಬೇಕೇನೋ ಅಂತ ಪಕ್ಕಕ್ಕಿಡುವವರು ತುಂಬಾ ಜನ. ಹೆಪಟೈಟಿಸ್ ಬಿ ಲಸಿಕೆ ಆಗಿದ್ದರೆ, ರಕ್ತಪರೀಕ್ಷೆಯ ರಿಪೋರ್ಟ್ ಇದ್ದರೆ ಅದನ್ನೂ ಬರೆಯಿರಿ. ಡಿಬಿಎಸ್ ಪರಿಶೀಲನೆಗೆ (ಹಿಂದಿನ ಅಪರಾಧದ ದಾಖಲೆ ಇದೆಯೇ ಅಂತ ನೋಡುವುದು) ಸಿದ್ಧ ಅಂತ ಸೇರಿಸಿ.

ಮುಖ್ಯವಾದದ್ದು ಅನುಭವದ ಭಾಗ. ರೂಟ್ ಕೆನಾಲ್ ಎಷ್ಟು ಮಾಡಿದಿರಿ ಅನ್ನುವುದು ಈ ಕೆಲಸಕ್ಕೆ ಬೇಕಿಲ್ಲ. ರೂಟ್ ಕೆನಾಲ್‌ಗೆ ಟ್ರೇ ಹೇಗೆ ಜೋಡಿಸಬೇಕು, ರಬ್ಬರ್ ಡ್ಯಾಮ್ (ಹಲ್ಲಿನ ಸುತ್ತ ಹಾಕುವ ರಬ್ಬರ್ ಹಾಳೆ) ಯಾವಾಗ ಕೊಡಬೇಕು, ಡಾಕ್ಟರ್ ಕೈ ಚಾಚುವ ಮೊದಲೇ ಯಾವ ಫೈಲ್ (ಬೇರಿನ ಒಳಗೆ ಸ್ವಚ್ಛ ಮಾಡುವ ಸಣ್ಣ ಉಪಕರಣ) ಸಿದ್ಧ ಇರಬೇಕು ಅನ್ನುವುದು ನಿಮಗೆ ಗೊತ್ತಿದೆಯಲ್ಲ, ಅದು ಬೇಕು. ನರ್ಸ್ ದಿನ ಹೇಗಿರುತ್ತದೆ ನೋಡಿ. ಬೆಳಿಗ್ಗೆ ಬಂದು ಚೇರಿನ ನೀರಿನ ಲೈನುಗಳನ್ನು ಎರಡು ನಿಮಿಷ ಹರಿಸಬೇಕು. ಪ್ರತಿ ಪೇಷಂಟ್ ಆದ ಮೇಲೆ 20-30 ಸೆಕೆಂಡ್. ಆಟೋಕ್ಲೇವ್‌ನ, ಅಂದರೆ ಹಬೆಯಲ್ಲಿ ಉಪಕರಣ ಸ್ಟೆರಿಲೈಸ್ ಮಾಡುವ ಯಂತ್ರದ, ದಿನದ ಟೆಸ್ಟ್ ಮಾಡಿ ಪುಸ್ತಕದಲ್ಲಿ ಬರೆಯಬೇಕು. ಉಪಕರಣಗಳನ್ನು ತೊಳೆದು, ದೀಪವಿರುವ ಭೂತಗನ್ನಡಿಯಲ್ಲಿ ನೋಡಿ, 134 ಡಿಗ್ರಿಯಲ್ಲಿ ಕನಿಷ್ಠ ಮೂರು ನಿಮಿಷ ಸ್ಟೆರಿಲೈಸ್ ಮಾಡಿ, ಪೌಚ್ ಮೇಲೆ ತಾರೀಕು ಹಾಕಬೇಕು. ಮಧ್ಯೆ ಸಕ್ಷನ್ ಹಿಡಿಯುವುದು, ಹಲ್ಲಿನ ಅಚ್ಚು ತೆಗೆಯುವ ಆಲ್ಜಿನೇಟ್ ಕಲಸುವುದು, ಡಾಕ್ಟರ್ ಹೇಳಿದ ಹಾಗೆ ಚಾರ್ಟಿಂಗ್ ಮಾಡುವುದು (ಯಾವ ಹಲ್ಲು ಹೇಗಿದೆ ಅಂತ ಗುರುತು ಹಾಕುವುದು). ಹೆದರಿ ಕೂತ ಪೇಷಂಟ್ ಜೊತೆ ಮಾತಾಡುವುದೂ ಕೆಲಸವೇ.

ಇದರಲ್ಲಿ ನೀವು ಸ್ವಂತ ಕೈಯಿಂದ ಏನೇನು ಮಾಡಿದ್ದೀರಿ? ಇಂಟರ್ನ್‌ಶಿಪ್‌ನಲ್ಲಿ ಮಕ್ಕಳ ವಿಭಾಗದ ಪೋಸ್ಟಿಂಗ್ ಇತ್ತು, ಹಳ್ಳಿಗಳಲ್ಲಿ ಕ್ಯಾಂಪ್ ಇತ್ತು, ಅಲ್ವಾ? ಕ್ಯಾಂಪಿನಲ್ಲಿ ಉಪಕರಣ ಸ್ವಚ್ಛ ಮಾಡಿದ್ದು, ಸಾಲು ನಿಭಾಯಿಸಿದ್ದು, ಅಜ್ಜಿಯರಿಗೆ ಹಲ್ಲುಜ್ಜುವುದು ಹೇಳಿಕೊಟ್ಟದ್ದು, ಎಲ್ಲವೂ ನರ್ಸ್ ಕೆಲಸವೇ. ‘ಒಳ್ಳೆಯ ಟೀಮ್ ಪ್ಲೇಯರ್’ ಅಂತ ಬರೆಯುವ ಬದಲು ಹೀಗೆ ಬರೆಯಿರಿ: ‘ಎರಡು ಚೇರ್ ಇದ್ದ ಕ್ಲಿನಿಕ್‌ನಲ್ಲಿ ದಿನಾ ಆಟೋಕ್ಲೇವ್ ನೋಡಿಕೊಂಡೆ. ಡಾಕ್ಟರ್ ಹಲ್ಲು ಕೀಳುವಾಗ ಸಕ್ಷನ್ ಹಿಡಿದು ಸಹಾಯ ಮಾಡಿದೆ. ಹೆದರುವ ಮಕ್ಕಳನ್ನು ಮಾತಾಡಿಸಿ ಚೇರಿನಲ್ಲಿ ಕೂರಿಸಿದೆ.’ ಆದರೆ ನಿಜವಾಗಿ ಮಾಡಿದ್ದನ್ನು ಮಾತ್ರ. ಇಂಟರ್ವ್ಯೂನಲ್ಲಿ ಕೇಳುವ ಮೊದಲ ಪ್ರಶ್ನೆಯೇ ಸ್ಟೆರಿಲೈಸೇಷನ್ ಬಗ್ಗೆ ಇರಬಹುದು. ಎಚ್‌ಟಿಎಂ 01-05 ಅನ್ನುವ ಸೋಂಕು ನಿಯಂತ್ರಣದ ಕೈಪಿಡಿ ಇಂಗ್ಲೆಂಡಿನ ಪ್ರಾಕ್ಟೀಸ್‌ಗಳಿಗೆ ಆಧಾರ. ಅದನ್ನು ಓದಿಕೊಂಡು, ಓದಿದ್ದೇನೆ ಅಂತ ಒಂದು ಸಾಲು ಬರೆದರೆ ನಾನಂತೂ ಅಂಥವರನ್ನು ಕರೆದು ಮಾತಾಡಿಸುತ್ತೇನೆ.

ಚಾರ್ಟಿಂಗ್ ವಿಷಯದಲ್ಲಿ ಒಂದು ಮಾತು. ನಮ್ಮ ಕಡೆ 11, 21, 36 ಅಂತ ಎರಡಂಕಿಯಲ್ಲಿ ಹಲ್ಲು ಗುರುತಿಸುತ್ತಾರೆ. ಇಲ್ಲಿ ಪಾಲ್ಮರ್ ಪದ್ಧತಿ ಜಾಸ್ತಿ ಬಳಕೆಯಲ್ಲಿದೆ, ಮೇಲೆ ಬಲ ಆರು, ಕೆಳಗೆ ಎಡ ಐದು ಅಂತ. ಎರಡೂ ಬರುತ್ತದೆ ಅಂತ ಹಾಕಿ. ವಸಡಿನ ಆರೋಗ್ಯ ಅಳೆಯುವ ಬಿಪಿಇ ಪರೀಕ್ಷೆಯ ಸ್ಕೋರ್ ಬರೆದುಕೊಳ್ಳುವುದನ್ನೂ ಕಲಿತುಕೊಳ್ಳಿ. ಕಂಪ್ಯೂಟರ್‌ನಲ್ಲಿ ಪೇಷಂಟ್ ರೆಕಾರ್ಡ್ ಇಟ್ಟ ಅನುಭವ ಇದ್ದರೆ ಹೇಳಿ.

ಭಾಷೆಗಳನ್ನು ಮರೆಯಬೇಡಿ. ನೀವಿರುವುದು ಲೆಸ್ಟರ್. ಅಲ್ಲಿ ಗುಜರಾತಿ ಮಾತಾಡುವವರು ಎಷ್ಟಿದ್ದಾರೆ ನಿಮಗೇ ಗೊತ್ತು. ಹಿಂದಿ ಚೆನ್ನಾಗಿ ಬಂದರೆ, ಗುಜರಾತಿ ಸ್ವಲ್ಪ ಅರ್ಥವಾದರೂ, ಅದನ್ನು ಮೊದಲ ಪುಟದಲ್ಲೇ ತನ್ನಿ. ಇಂಗ್ಲಿಷ್ ಬಾರದ ಅಜ್ಜಿಗೆ ಧೈರ್ಯ ಹೇಳುವ ನರ್ಸ್ ಯಾವ ಪ್ರಾಕ್ಟೀಸ್‌ಗೆ ಬೇಡ?

ಪ್ರತಿಕ್ರಿಯೆ (ಸದಸ್ಯ, ಕಾವೆಂಟ್ರಿ):

ಮೇಡಂ, ನನ್ನ ಹೆಂಡತಿಯೂ ಬಿಡಿಎಸ್. ಬಿಡಿಎಸ್ ಅಂತ ಬರೆದರೆ ಯಾರೂ ತೆಗೆದುಕೊಳ್ಳುವುದಿಲ್ಲ, ಅದನ್ನು ಬಿಟ್ಟು ಪಿಯುಸಿವರೆಗೆ ಮಾತ್ರ ಹಾಕಿ ಅಂತ ಗೆಳೆಯರು ಹೇಳುತ್ತಿದ್ದಾರೆ. ಸರಿಯೇ?

ಉತ್ತರ:

ದಯವಿಟ್ಟು ಹಾಗೆ ಮಾಡಬೇಡಿ. ಐದು ವರ್ಷದ ಓದನ್ನು ಬಿಟ್ಟರೆ ಸಿವಿಯಲ್ಲಿ ಅಷ್ಟು ದೊಡ್ಡ ಖಾಲಿ ಜಾಗ ಉಳಿಯುತ್ತದೆ. ಅದನ್ನು ಕೇಳಿದರೆ ಏನು ಹೇಳುತ್ತಾರೆ? ನಾಳೆ ಜಿಡಿಸಿಗೆ ಅರ್ಜಿ ಹಾಕುವವರು ಇವರು. ಅಲ್ಲಿ ನಡತೆಯನ್ನೂ ನೋಡುತ್ತಾರೆ. ಸಿವಿಯಲ್ಲಿ ಮುಚ್ಚಿಟ್ಟದ್ದು ಮುಂದೆ ಕುತ್ತಿಗೆಗೆ ಬರುತ್ತದೆ.

ಬಿಡಿಎಸ್ ಇರಲಿ, ಓದಿನ ಭಾಗದಲ್ಲಿ ಒಂದು ಸಾಲಾಗಿ, ‘ಭಾರತ’ ಅಂತ ಸ್ಪಷ್ಟವಾಗಿ. ಮೇಲಿನ ಪರಿಚಯದಲ್ಲಿ ಓಆರ್‌ಇ ಗುರಿ ಬೇಡ. ಅಲ್ಲಿ ಈ ಕೆಲಸ ಯಾಕೆ ಬೇಕು ಅಂತ ಬರೆಯಲಿ: ಇಲ್ಲಿಯ ಪದ್ಧತಿ ಕಲಿಯಬೇಕು, ಕೋರ್ಸ್ ಮುಗಿಸಿ ನರ್ಸ್ ಆಗಿ ರಿಜಿಸ್ಟರ್ ಆಗಬೇಕು. ಇಂಟರ್ವ್ಯೂನಲ್ಲಿ ‘ಡೆಂಟಿಸ್ಟ್ ಆಗುವ ಆಲೋಚನೆ ಇದೆಯೇ’ ಅಂತ ಕೇಳಿದರೆ ನಿಜ ಹೇಳಲಿ. ‘ಇದೆ, ಆದರೆ ಅದಕ್ಕೆ ಸಮಯ ಬೇಕು, ಕೋರ್ಸ್ ಮುಗಿಯುವವರೆಗೆ ಇಲ್ಲೇ ಇರುತ್ತೇನೆ’ ಅಂದರೆ ಸಾಕು. ಕೆಲವು ಪ್ರಾಕ್ಟೀಸ್‌ಗಳು ಕೋರ್ಸಿನ ಹಣ ತಾವೇ ಕಟ್ಟುತ್ತವೆ. ಅವರ ಭಯ ಇರುವುದು ಅಲ್ಲಿ. ಆ ಭಯವನ್ನು ಕವರ್ ಲೆಟರ್‌ನಲ್ಲೇ ಎರಡು ಸಾಲಿನಲ್ಲಿ ಕಳೆದರೆ ಇನ್ನೂ ಒಳ್ಳೆಯದು.

ಇನ್ನೊಂದು ಭಯವೂ ಇರುತ್ತದೆ. ಡೆಂಟಿಸ್ಟ್ ಆಗಿದ್ದವರು ನೆಲ ಒರೆಸುತ್ತಾರೆಯೇ, ಚಿಕ್ಕ ವಯಸ್ಸಿನ ಡಾಕ್ಟರ್ ಹೇಳಿದ್ದನ್ನು ಕೇಳುತ್ತಾರೆಯೇ ಅಂತ. ಇದನ್ನು ಮಾತಿನಲ್ಲಿ ಹೇಳಿದರೆ ನಂಬುವುದಿಲ್ಲ. ಅನುಭವದ ಭಾಗದಲ್ಲಿ ಸ್ವಚ್ಛತೆ, ಸ್ಟಾಕ್, ರೆಕಾರ್ಡ್ ಮೊದಲು ಬಂದರೆ ಅವರಿಗೇ ತಿಳಿಯುತ್ತದೆ.

ಪ್ರಶ್ನೆ (ಸದಸ್ಯೆ, ರೀಡಿಂಗ್):

ಅಕ್ಕ, ಮಗು ಆದ ಮೇಲೆ ನಾಲ್ಕು ವರ್ಷ ಮನೆಯಲ್ಲೇ ಇದ್ದೆ. ಅದನ್ನು ಹೇಗೆ ಬರೆಯುವುದು? ಮತ್ತೆ ಎನ್‌ಎಚ್‌ಎಸ್ ಜಾಬ್ಸ್‌ನಲ್ಲಿ (ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆಯ ಕೆಲಸದ ವೆಬ್‌ಸೈಟ್) ಸಿವಿ ಹಾಕಿದರೆ ಸಾಕಾ?

ಉತ್ತರ:

ಮಗುವಿನ ಆರೈಕೆ ಅಂತ ವರ್ಷಗಳ ಜೊತೆ ಒಂದು ಸಾಲು. ಕಾರಣ, ಕ್ಷಮೆ ಏನೂ ಬೇಡ. ಆ ಸಮಯದಲ್ಲಿ ಫಸ್ಟ್ ಏಡ್ ಅಥವಾ ಆನ್‌ಲೈನ್ ಸೋಂಕು ನಿಯಂತ್ರಣದ ಟ್ರೈನಿಂಗ್ ಮಾಡಿದ್ದರೆ ಅದರ ಕೆಳಗೆ ಸೇರಿಸಿ.

ಎನ್‌ಎಚ್‌ಎಸ್ ಜಾಬ್ಸ್ ಬೇರೆ ರೀತಿ. ಅಲ್ಲಿ ಅರ್ಜಿಯ ಫಾರಂ ಮುಖ್ಯ. ಪ್ರತಿ ಹುದ್ದೆಯ ಜೊತೆ ‘ಪರ್ಸನ್ ಸ್ಪೆಸಿಫಿಕೇಷನ್’ ಇರುತ್ತದೆ, ಇದು ಇರಲೇಬೇಕು, ಇದು ಇದ್ದರೆ ಒಳ್ಳೆಯದು ಅಂತ. ಆರಿಸುವವರು ಅದನ್ನು ಪಕ್ಕದಲ್ಲಿಟ್ಟುಕೊಂಡು ಅಂಕ ಹಾಕುತ್ತಾರೆ. ಹಾಗಾಗಿ ‘ಸಪೋರ್ಟಿಂಗ್ ಇನ್ಫರ್ಮೇಷನ್’ ಭಾಗದಲ್ಲಿ ಅದೇ ಕ್ರಮದಲ್ಲಿ, ಪ್ರತಿಯೊಂದಕ್ಕೂ ನಿಮ್ಮ ಒಂದು ಉದಾಹರಣೆ ಬರೆಯಿರಿ. ಖಾಸಗಿ ಪ್ರಾಕ್ಟೀಸ್‌ಗಳಲ್ಲಿ ಹಾಗಿಲ್ಲ. ಅಲ್ಲಿ ಮ್ಯಾನೇಜರ್ ಹೆಸರು ತಿಳಿದುಕೊಂಡು, ಸಿವಿಯ ಪ್ರಿಂಟ್ ಹಿಡಿದು ಹೋಗಿ ಕೊಟ್ಟು ಬಂದವರನ್ನು ನೆನಪಿಡುತ್ತಾರೆ. ಮಧ್ಯಾಹ್ನದ ಊಟದ ಹೊತ್ತು ಹೋಗಿ. ಬೆಳಿಗ್ಗೆ ರಿಸೆಪ್ಷನ್‌ನಲ್ಲಿ ಫೋನ್ ಬಿಡುವಿಲ್ಲದೆ ರಿಂಗಾಗುತ್ತಿರುತ್ತದೆ.

ಪ್ರಶ್ನೆ (ಸದಸ್ಯೆ, ಹುಬ್ಬಳ್ಳಿ):

ಮೇಡಂ, ನಾನು ಇಲ್ಲೇ ಊರಲ್ಲಿ ಇದ್ದೇನೆ. ಪಿಯುಸಿ ಓದಿ, ಹಲ್ಲಿನ ಕ್ಲಿನಿಕ್‌ನಲ್ಲಿ ಆರು ವರ್ಷ ಅಸಿಸ್ಟೆಂಟ್ ಆಗಿದ್ದೇನೆ. ಬೆಂಗಳೂರಿನ ದೊಡ್ಡ ಕ್ಲಿನಿಕ್‌ಗೆ ಅರ್ಜಿ ಹಾಕಬೇಕು. ನನಗೆ ಸರ್ಟಿಫಿಕೇಟ್ ಯಾವುದೂ ಇಲ್ಲ.

ಉತ್ತರ:

ಆರು ವರ್ಷ ಒಂದೇ ಕಡೆ ಇದ್ದದ್ದು ಸಣ್ಣ ಮಾತಲ್ಲಮ್ಮ. ಭಾರತದಲ್ಲಿ 1948ರ ಡೆಂಟಿಸ್ಟ್ಸ್ ಆಕ್ಟ್ ಪ್ರಕಾರ ರಿಜಿಸ್ಟ್ರೇಷನ್ ಇದ್ದದ್ದು ಡೆಂಟಿಸ್ಟ್, ಡೆಂಟಲ್ ಹೈಜೀನಿಸ್ಟ್ (ಹಲ್ಲು ಸ್ವಚ್ಛ ಮಾಡುವವರು), ಡೆಂಟಲ್ ಮೆಕ್ಯಾನಿಕ್ (ಲ್ಯಾಬಿನಲ್ಲಿ ಹಲ್ಲುಸೆಟ್ಟು ಮಾಡುವವರು) ಇವರಿಗೆ. ಅಸಿಸ್ಟೆಂಟ್‌ಗಳು ಕೆಲಸ ಮಾಡುತ್ತಲೇ ಕಲಿತವರು. ಹಾಗಾಗಿ ನಿಮ್ಮ ಡಾಕ್ಟರ್ ಬರೆದುಕೊಡುವ ಪತ್ರವೇ ನಿಮ್ಮ ಸರ್ಟಿಫಿಕೇಟ್. ಲೆಟರ್‌ಹೆಡ್‌ನಲ್ಲಿ, ಯಾವ ವರ್ಷದಿಂದ, ಏನೇನು ಕೆಲಸ ಅಂತ ಬರೆಸಿಕೊಂಡು ಸಹಿ ಹಾಕಿಸಿಕೊಳ್ಳಿ.

ಸಿವಿ ಒಂದೇ ಪುಟ ಇರಲಿ. ಆಟೋಕ್ಲೇವ್ ನಡೆಸುವುದು, ಎಕ್ಸ್‌ರೇ ಫಿಲ್ಮ್ ತೊಳೆಯುವುದು, ಲ್ಯಾಬಿಗೆ ಅಳತೆ ಕಳಿಸಿ ಕ್ಯಾಪ್ ಬಂದಾಗ ಪೇಷಂಟ್‌ಗೆ ಫೋನ್ ಮಾಡುವುದು, ಹಣ ತೆಗೆದುಕೊಂಡು ಬಿಲ್ ಕೊಡುವುದು ಎಲ್ಲ ಬರೆಯಿರಿ. 2016ರ ಬಯೋಮೆಡಿಕಲ್ ವೇಸ್ಟ್ ನಿಯಮದಂತೆ ಹಳದಿ, ಕೆಂಪು, ಬಿಳಿ, ನೀಲಿ ಡಬ್ಬಗಳಲ್ಲಿ ಕಸ ಬೇರೆ ಮಾಡುತ್ತೀರಲ್ಲ, ಅದನ್ನು ಖಂಡಿತ ಸೇರಿಸಿ. ದೊಡ್ಡ ಕ್ಲಿನಿಕ್‌ನವರು ಕೇಳಿಯೇ ಕೇಳುತ್ತಾರೆ. ಕನ್ನಡ, ಹಿಂದಿ, ಮರಾಠಿ, ಉರ್ದು ಯಾವ್ಯಾವುದು ಬರುತ್ತದೋ ಎಲ್ಲ ಹಾಕಿ.

ಪ್ರಶ್ನೆ (ಲೆಸ್ಟರ್ ಸದಸ್ಯೆ, ಮತ್ತೆ):

ತುಂಬಾ ಥ್ಯಾಂಕ್ಸ್ ಅಕ್ಕ. ಇವತ್ತೇ ತಿದ್ದುತ್ತೇನೆ. ರೆಫರೆನ್ಸ್ ಯಾರದು ಕೊಡಲಿ? ಇಲ್ಲಿ ಯಾರೂ ಪರಿಚಯ ಇಲ್ಲ.

ಉತ್ತರ:

ದಾವಣಗೆರೆಯ ಡಾಕ್ಟರ್ ಒಬ್ಬರು, ಕಾಲೇಜಿನ ಮೇಷ್ಟ್ರು ಒಬ್ಬರು. ನೆಂಟರು ಬೇಡ. ಇಬ್ಬರಿಗೂ ಮೊದಲೇ ಫೋನ್ ಮಾಡಿ ಒಪ್ಪಿಗೆ ಕೇಳಿ. ಸಿವಿಯಲ್ಲಿ ‘ಕೇಳಿದರೆ ಕೊಡುತ್ತೇನೆ’ ಅಂತ ಇದ್ದರೆ ಸಾಕು, ಅವರ ನಂಬರ್ ಎಲ್ಲ ಕಡೆ ಹಂಚಬೇಡಿ. ಸಾಧ್ಯವಾದರೆ ಅವರ ಕ್ಲಿನಿಕ್ ಅಥವಾ ಕಾಲೇಜಿನ ಇಮೇಲ್ ಇಟ್ಟುಕೊಳ್ಳಿ. ಜಿಮೇಲ್‌ನಿಂದ ಬಂದ ಉತ್ತರವನ್ನು ಕೆಲವರು ಒಪ್ಪುವುದಿಲ್ಲ. ಮತ್ತೆ ವಾರಕ್ಕೆ ಒಂದು ದಿನವಾದರೂ ಹತ್ತಿರದ ಚಾರಿಟಿ ಅಂಗಡಿಯಲ್ಲೋ ಕಮ್ಯುನಿಟಿ ಸೆಂಟರ್‌ನಲ್ಲೋ ಸ್ವಯಂಸೇವೆಗೆ ಸೇರಿಕೊಳ್ಳಿ. ಸ್ವಲ್ಪ ದಿನ ಕಳೆದ ಮೇಲೆ ಅಲ್ಲಿಯ ಮೇಲ್ವಿಚಾರಕರೇ ನಿಮಗೆ ಇಲ್ಲಿಯ ಮೊದಲ ರೆಫರೆನ್ಸ್ ಆಗುತ್ತಾರೆ. ತಿದ್ದಿದ ಸಿವಿಯನ್ನು ಫೋನ್ ನಂಬರ್, ವಿಳಾಸ ಅಳಿಸಿ ಗುಂಪಿಗೆ ಹಾಕಿ, ಶನಿವಾರ ನೋಡಿ ಹೇಳುತ್ತೇನೆ.