ಮಗುವಿನ ಜ್ವರ ‘ಈ ಸಲ ಬೇರೆ ಥರ’ ಅನ್ನಿಸಿದರೆ ಏನು ನೋಡಬೇಕು, ಡಾಕ್ಟರಿಗೆ ಏನು ಹೇಳಬೇಕು?

ಮಲೆನಾಡಿನ ಅಮ್ಮ:
ಒಂದೂವರೆ ವರ್ಷದ ಮಗು, ತೂಕ 10 ಕೆ.ಜಿ. ಮಳೆಗಾಲದಲ್ಲಿ ಜ್ವರ ಬಂದಾಗಲೆಲ್ಲ ಕ್ಲಿನಿಕ್ಕಿನಲ್ಲಿ ‘ವೈರಲ್, ಮೂರು ದಿನ ನೋಡಿ’ ಅಂತ ಪ್ಯಾರಾಸಿಟಮಾಲ್ ಬರೆದು ಕಳಿಸುತ್ತಾರೆ. ಹೆಚ್ಚಿನ ಸಲ ಅದು ಸರಿಯೇ ಇರುತ್ತದೆ. ಆದರೆ ಕೆಲವು ಸಲ ಜ್ವರ ಅಷ್ಟೇನೂ ಇಲ್ಲದಿದ್ದರೂ ಮಗು ಎಂದಿನಂತಿಲ್ಲ ಅಂತ ಮನಸ್ಸಿಗೆ ಬರುತ್ತದೆ. ಅದನ್ನು ಹೇಳಿದರೆ ‘ಗಾಬರಿ ಮಾಡ್ಕೋಬೇಡಿ’ ಅನ್ನುತ್ತಾರೆ. ಮನೆಯಲ್ಲಿ ಹಿರಿಯರು ದೃಷ್ಟಿ ತೆಗೆದು, ಬೆಳಗಾಗಲಿ ನೋಡೋಣ ಅನ್ನುತ್ತಾರೆ. ಈಗ ಮಗು ಆರಾಮಾಗಿದೆ, ಮುಂದಿನ ಸಲಕ್ಕೆ ಕೇಳುತ್ತಿದ್ದೇನೆ. ಆ ಅನಿಸಿಕೆಯನ್ನು ಎಷ್ಟು ನಂಬಬೇಕು? ರಾತ್ರಿಯೇ ಹೊರಡಬೇಕು ಅಂತ ಹೇಗೆ ತೀರ್ಮಾನಿಸುವುದು?

ಮಕ್ಕಳ ವಾರ್ಡ್ ಸಿಸ್ಟರ್:
ನಂಬಿ ಮೇಡಂ. ನಿಮ್ಮ ಮಗು ಹುಷಾರಾಗಿದ್ದಾಗ ಹೇಗಿರುತ್ತದೆ ಅನ್ನುವುದು ನಿಮಗೆ ಗೊತ್ತು, ಐದು ನಿಮಿಷ ನೋಡುವ ಡಾಕ್ಟರಿಗೆ ಗೊತ್ತಿರಲ್ಲ. ನೀವು ಮಾಡಬೇಕಾದ್ದು ಆ ಅನಿಸಿಕೆಯನ್ನು ಕಣ್ಣಿಗೆ ಕಾಣುವ ವ್ಯತ್ಯಾಸವಾಗಿ ಹೇಳುವುದು.

ಥರ್ಮಾಮೀಟರ್ ತೋರಿಸುವ ಅಂಕಿಗಿಂತ, ಜ್ವರ ಇಳಿದಾಗ ಮಗು ಹೇಗಿದೆ ಅನ್ನುವುದು ಮುಖ್ಯ. ಔಷಧಿ ಕೊಟ್ಟು ಒಂದು ಗಂಟೆ ಆದಮೇಲೆ ನೋಡಿ. 103 ಇದ್ದ ಮಗು ಆಗ ಎದ್ದು ಕೂತು ಆಟದ ಸಾಮಾನು ಕೇಳಿದರೆ ಸಮಾಧಾನ. 100 ಇದ್ದರೂ ಕಣ್ಣಲ್ಲಿ ಕಣ್ಣಿಟ್ಟು ನೋಡದೆ, ಹೆಗಲ ಮೇಲೆ ಜೋತುಬಿದ್ದು, ಸಣ್ಣಗೆ ನರಳುತ್ತಿದ್ದರೆ ಅದೇ ಎಚ್ಚರಿಕೆ. ಕ್ಯಾನುಲಾ (ಡ್ರಿಪ್ ಹಾಕುವ ಸಣ್ಣ ಕೊಳವೆ) ಚುಚ್ಚುವಾಗ ಅಳದ ಮಗುವನ್ನು ‘ಎಷ್ಟು ಜಾಣ’ ಅಂತ ಜೊತೆಗಿದ್ದವರು ಹೊಗಳುತ್ತಾರೆ. ನಮಗೆ ಅಂಥ ಮಗುವಿನದೇ ಹೆಚ್ಚು ಭಯ.

ಉಸಿರು ಎಣಿಸುವುದನ್ನು ಕಲಿಯಿರಿ. ಜ್ವರ ಇಳಿದಿರಬೇಕು, ಮಗು ಅಳುತ್ತಿರಬಾರದು, ಹಾಲು ಕುಡಿಯುತ್ತಿರಬಾರದು. ಬನಿಯನ್ ಮೇಲೆತ್ತಿ, ಮೊಬೈಲಿನಲ್ಲಿ ಟೈಮರ್ ಇಟ್ಟು, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ತಪ್ಪುತ್ತದೆ, ಯಾಕೆಂದರೆ ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ. 2 ತಿಂಗಳಿಂದ 1 ವರ್ಷದೊಳಗೆ 50 ಅಥವಾ ಹೆಚ್ಚು, 1ರಿಂದ 5 ವರ್ಷದವರಲ್ಲಿ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರು, ಅವತ್ತೇ ತೋರಿಸಬೇಕು. ಉಸಿರೆಳೆದಾಗ ಪಕ್ಕೆಲುಬಿನ ಕೆಳಭಾಗ ಗುಳಿ ಬೀಳುತ್ತಿದ್ದರೆ, ಪ್ರತಿ ಉಸಿರಿಗೂ ನರಳಿದರೆ, ತುಟಿ ನೀಲಿಯಾದರೆ ತಕ್ಷಣ ಹೊರಡಿ. ದೊಡ್ಡವರ ಪಲ್ಸ್ ಆಕ್ಸಿಮೀಟರ್ (ಬೆರಳಿಗೆ ಹಾಕಿ ರಕ್ತದ ಆಮ್ಲಜನಕ ನೋಡುವ ಸಾಧನ) ಪುಟ್ಟ ಬೆರಳಿಗೆ ಸರಿಯಾಗಿ ಕೂರಲ್ಲ, ಅದು 98 ತೋರಿಸಿತು ಅಂತ ಸುಮ್ಮನಾಗಬೇಡಿ.

ಕುಡಿದದ್ದೆಲ್ಲ ವಾಂತಿ, ಏನನ್ನೂ ಕುಡಿಯದಿರುವುದು, ಎಬ್ಬಿಸಿದರೂ ಏಳದಿರುವುದು, ಫಿಟ್ಸ್ ಬಂದದ್ದು: ಇವುಗಳಲ್ಲಿ ಒಂದೇ ಇದ್ದರೂ ಬೆಳಗಿನವರೆಗೆ ಕಾಯಬಾರದು. ಅಜ್ಜಿ ದೃಷ್ಟಿ ತೆಗೆಯಲಿ, ಅಷ್ಟರಲ್ಲಿ ನೀವು ಗಾಡಿ ಕರೆಸಿ.

ಮಕ್ಕಳ ಡಾಕ್ಟರ್, ದಾವಣಗೆರೆ:
ಸಿಸ್ಟರ್ ಹೇಳಿದ್ದಕ್ಕೆ ಆಧಾರವೂ ಇದೆ. ಮೆಲ್ಬರ್ನಿನ ಮೊನಾಶ್ ಮಕ್ಕಳ ಆಸ್ಪತ್ರೆಯಲ್ಲಿ ನಡೆದು 2025ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ‘ಮಗುವಿನ ಸ್ಥಿತಿ ಹದಗೆಡುತ್ತಿದೆ ಅನ್ನಿಸುತ್ತದೆಯೇ’ ಅಂತ ಪೋಷಕರನ್ನೇ ಕೇಳಲಾಯಿತು. ಹೌದು ಅಂದವರ ಮಕ್ಕಳಿಗೆ ಐಸಿಯು ಬೇಕಾಗುವ ಸಾಧ್ಯತೆ ಸುಮಾರು ನಾಲ್ಕು ಪಟ್ಟು ಹೆಚ್ಚಿತ್ತು. ಹಾಗಾಗಿ ತಾಯಿಯ ಆತಂಕವೂ ನಮಗೆ ಒಂದು ರೋಗಲಕ್ಷಣವೇ.

ನಮ್ಮ ಕಡೆ ಮಳೆಗಾಲದಲ್ಲಿ ಹೆಚ್ಚು ಮೋಸ ಮಾಡುವುದು ಡೆಂಗ್ಯೂ. ಜ್ವರ ಬಿಟ್ಟ ದಿನ ಮನೆಯವರೆಲ್ಲ ನಿಟ್ಟುಸಿರು ಬಿಡುತ್ತಾರೆ, ಅಪಾಯದ ಹಂತ ಶುರುವಾಗುವುದೇ ಆಗ. ಸಾಮಾನ್ಯವಾಗಿ 3ರಿಂದ 7ನೇ ದಿನದ ನಡುವೆ, ಜ್ವರ ಇಳಿಯುವ ಹೊತ್ತಿಗೆ ರಕ್ತನಾಳಗಳಿಂದ ದ್ರವ ಸೋರತೊಡಗುತ್ತದೆ, 24ರಿಂದ 48 ಗಂಟೆ ಸೋರುತ್ತದೆ. ಹೊಟ್ಟೆನೋವು, ನಿಲ್ಲದ ವಾಂತಿ, ಒಸಡು ಅಥವಾ ಮೂಗಿನಲ್ಲಿ ರಕ್ತ, ಮಂಕು ಅಥವಾ ವಿಪರೀತ ರಚ್ಚೆ, ಮೈ ತಣ್ಣಗಿರುವುದು, ಉಚ್ಚೆ ಕಡಿಮೆಯಾಗುವುದು ಇದರ ಸೂಚನೆ. ಜ್ವರವಿಲ್ಲ, ಆದರೂ ಮಗು ಸರಿಯಿಲ್ಲ ಅನ್ನಿಸಿದರೆ ಓಡಿ ಬನ್ನಿ.

ಮೊದಲ ದಿನದ ರಕ್ತಪರೀಕ್ಷೆ ನಾರ್ಮಲ್ ಬಂದದ್ದು ಐದನೇ ದಿನಕ್ಕೆ ಗ್ಯಾರಂಟಿಯಲ್ಲ. ಪ್ಲೇಟ್‌ಲೆಟ್ ಒಂದನ್ನೇ ನೋಡಬೇಡಿ, ಹೆಮಟೊಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು, ದ್ರವ ಸೋರಿದರೆ ಏರುತ್ತದೆ) ಏರುತ್ತಿದೆಯೇ ಅಂತ ಕೇಳಿ. ಹಳೆಯ ರಿಪೋರ್ಟುಗಳನ್ನೆಲ್ಲ ತನ್ನಿ, ಹೋಲಿಸಿದರೆ ಮಾತ್ರ ಅದು ತಿಳಿಯುತ್ತದೆ. ಡೆಂಗ್ಯೂ ಅನುಮಾನವಿದ್ದಾಗ ಐಬುಪ್ರೊಫೆನ್, ಆಸ್ಪಿರಿನ್, ಮೆಫೆನಾಮಿಕ್ ಆಸಿಡ್ ಬೇಡ.

ಪ್ಯಾರಾಸಿಟಮಾಲ್ ಪ್ರಮಾಣ: ಪ್ರತಿ ಕೆ.ಜಿ.ಗೆ ಒಂದು ಸಲಕ್ಕೆ 15 ಮಿ.ಗ್ರಾಂ, ಅಂದರೆ ನಿಮ್ಮ ಮಗುವಿಗೆ 150 ಮಿ.ಗ್ರಾಂ. 5 ಮಿ.ಲೀ.ಗೆ 125 ಇರುವ ಸಿರಪ್ಪಾದರೆ 6 ಮಿ.ಲೀ., 250 ಇರುವುದಾದರೆ 3 ಮಿ.ಲೀ., 1 ಮಿ.ಲೀ.ಗೆ 100 ಇರುವ ಡ್ರಾಪ್ಸ್ ಆದರೆ 1.5 ಮಿ.ಲೀ. ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲ ಮೀರಬಾರದು. ಎಡವಟ್ಟಾಗುವುದು ಬಾಟಲಿ ಬದಲಾದಾಗ: ಹಳೆಯ 125ರ ಲೆಕ್ಕದಲ್ಲಿ 250ರ ಸಿರಪ್ ಕೊಟ್ಟರೆ ಡೋಸ್ ಎರಡರಷ್ಟಾಗುತ್ತದೆ. ಕೆಲವು ಶೀತದ ಸಿರಪ್ಪಿನಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಲೇಬಲ್ ಓದಿ.

ಡಾಕ್ಟರ ಮುಂದೆ ‘ತುಂಬಾ ಸುಸ್ತು’ ಅಂದರೆ ಕೇಳಿದವರಿಗೆ ಏನೂ ತಿಳಿಯಲ್ಲ. ಹೀಗೆ ಹೇಳಿ: ‘ಜ್ವರ ನಾಲ್ಕನೇ ದಿನ. ಬೆಳಗಿಂದ ಎರಡೇ ಸಲ ಉಚ್ಚೆ, ದಿನಾ ಏಳೆಂಟು ಸಲ ಮಾಡುತ್ತಿತ್ತು. ಹಾಲು ಅರ್ಧಕ್ಕಿಂತ ಕಡಿಮೆ. ಜ್ವರ ಇಳಿದಾಗ ಉಸಿರು 52 ಇತ್ತು. ಯಾವತ್ತೂ ಹೀಗೆ ಮಲಗಿದ್ದಿಲ್ಲ, ನನಗೆ ಭಯವಾಗುತ್ತಿದೆ.’ ಕೊನೆಯ ಮಾತನ್ನು ಸಂಕೋಚಪಟ್ಟು ನುಂಗಬೇಡಿ. ಮನೆಗೆ ಕಳಿಸಿದರೆ ಎದ್ದು ಬರುವ ಮುಂಚೆ ಕೇಳಿ: ‘ಏನು ಕಂಡರೆ ವಾಪಸ್ ಬರಬೇಕು? ರಾತ್ರಿಯಾದರೆ ಎಲ್ಲಿಗೆ ಹೋಗಬೇಕು?’ ಉತ್ತರವನ್ನು ಚೀಟಿಯ ಮೇಲೇ ಬರೆಸಿಕೊಳ್ಳಿ.

ಮಲೆನಾಡಿನ ಅಮ್ಮ:
ತುಂಬಾ ಉಪಕಾರವಾಯಿತು ಡಾಕ್ಟ್ರೇ, ಸಿಸ್ಟರ್. ಅಡ್ಮಿಟ್ ಆದಮೇಲೂ ರಾತ್ರಿ ಡ್ಯೂಟಿಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳದಿದ್ದರೆ? ದೊಡ್ಡ ಆಸ್ಪತ್ರೆಗೆ ಹೋಗಲು ಘಾಟಿ ಇಳಿಯಬೇಕು.

ತುರ್ತು ಚಿಕಿತ್ಸೆ ವಿಭಾಗ:
ಇಂಗ್ಲೆಂಡಿನಲ್ಲಿ 2021ರಲ್ಲಿ 13 ವರ್ಷದ ಮಾರ್ತಾ ಮಿಲ್ಸ್ ಸೆಪ್ಸಿಸ್‌ನಿಂದ (ಸೋಂಕು ಮೈಯೆಲ್ಲ ಹಬ್ಬಿ ಅಂಗಾಂಗ ಕೆಡಿಸುವ ಸ್ಥಿತಿ) ತೀರಿಕೊಂಡಳು. ತಂದೆತಾಯಿ ಹೇಳುತ್ತಲೇ ಇದ್ದರೂ ಅವಳನ್ನು ಹೊತ್ತಿಗೆ ಸರಿಯಾಗಿ ಐಸಿಯುಗೆ ಒಯ್ಯಲಿಲ್ಲ. 2024ರಿಂದ ಅಲ್ಲಿ ‘ಮಾರ್ತಾ ರೂಲ್’ ಜಾರಿಗೆ ಬರತೊಡಗಿತು: ಮನೆಯವರು ಕರೆ ಮಾಡಿದರೆ ಬೇರೊಂದು ತಂಡ ಬಂದು ರೋಗಿಯನ್ನು ಹೊಸದಾಗಿ ನೋಡಬೇಕು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ 2013ರಿಂದಲೇ ಇಂಥದೇ ‘ರಯಾನ್ಸ್ ರೂಲ್’ ಇದೆ. ನಮ್ಮಲ್ಲಿ ಆ ಕೆಲಸವನ್ನು ಬಾಯಿಮಾತಲ್ಲೇ ಮಾಡಿಸಿಕೊಳ್ಳಬೇಕು. ಮೊದಲು ಸಿಸ್ಟರಿಗೆ, ಆಮೇಲೆ ಡ್ಯೂಟಿ ಡಾಕ್ಟರಿಗೆ, ಆಗಲೂ ಆಗದಿದ್ದರೆ ‘ಕನ್ಸಲ್ಟೆಂಟ್‌ಗೆ (ಹಿರಿಯ ತಜ್ಞ ಡಾಕ್ಟರಿಗೆ) ಈಗಲೇ ಫೋನ್ ಮಾಡಿ, ನಾನು ಇಷ್ಟು ಗಂಟೆಗೆ ಹೇಳಿದ್ದೇನೆ ಅಂತ ಕೇಸ್ ಶೀಟಿನಲ್ಲಿ ಬರೆಯಿರಿ’ ಅನ್ನಿ. ಕೂಗಾಡುವುದಕ್ಕಿಂತ ಈ ಮಾತಿಗೆ ಕೆಲಸ ಬೇಗ ಆಗುತ್ತದೆ.

ಬೇರೆ ಆಸ್ಪತ್ರೆಗೆ ಒಯ್ಯುವುದಾದರೆ ಹೊರಡುವ ಮುಂಚೆ ಅಲ್ಲಿಗೆ ಫೋನ್ ಮಾಡಿಸಿ, ಮಕ್ಕಳ ಐಸಿಯು ಬೆಡ್ ಖಾಲಿ ಇದೆಯೇ ಅಂತ ಖಚಿತ ಮಾಡಿಕೊಳ್ಳಿ. ಕೊಟ್ಟ ಔಷಧಿ, ಪ್ರಮಾಣ, ಗಂಟೆ ಬರೆದ ರೆಫರಲ್ ಚೀಟಿ ಕೈಯಲ್ಲಿರಲಿ. 108ಕ್ಕೆ ಕರೆ ಮಾಡಿ, ಆಮ್ಲಜನಕ ಬೇಕಾಗಬಹುದು ಅಂತ ಮೊದಲೇ ಹೇಳಿ. ತುರ್ತು ಸ್ಥಿತಿಯಲ್ಲಿ ಸರ್ಕಾರಿಯಾಗಲಿ ಖಾಸಗಿಯಾಗಲಿ, ಜೀವ ಉಳಿಸುವ ಚಿಕಿತ್ಸೆ ಕೊಡುವುದು ವೈದ್ಯರ ಕರ್ತವ್ಯ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ. ಅಡ್ವಾನ್ಸ್ ಕಟ್ಟುವವರೆಗೆ ಬಾಗಿಲಲ್ಲಿ ನಿಲ್ಲಿಸಿದರೆ ಇದನ್ನು ನೆನಪಿಸಿ.

ದಾರಿಯಲ್ಲಿ ಫಿಟ್ಸ್ ಬಂದರೆ ಮಗುವನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಗಂಟೆ ನೋಡಿಕೊಳ್ಳಿ. ಬಾಯಿಗೆ ಚಮಚ, ಬೆರಳು, ನೀರು ಯಾವುದೂ ಬೇಡ. ಕೈಗೆ ಕಬ್ಬಿಣ ಹಿಡಿಸುವುದು, ಈರುಳ್ಳಿ ಮೂಸಿಸುವುದರಲ್ಲಿ ಹೊತ್ತು ಕಳೆಯಬೇಡಿ.

ಮಕ್ಕಳ ವಾರ್ಡ್ ಸಿಸ್ಟರ್:
ಒಂದು ಬಿಟ್ಟುಹೋಯಿತು. ಮೂರು ತಿಂಗಳೊಳಗಿನ ಕೂಸಿಗೆ ‘ಔಷಧಿ ಕೊಟ್ಟು ಒಂದು ಗಂಟೆ ನೋಡಿ’ ಅನ್ನುವ ಲೆಕ್ಕ ಇಲ್ಲ. ಜ್ವರ 100.4 ಫ್ಯಾರನ್‌ಹೀಟ್ ಅಥವಾ ಹೆಚ್ಚಿದ್ದರೆ, ಇಲ್ಲವೇ ಬೆಚ್ಚಗೆ ಸುತ್ತಿದರೂ ಮೈ ತಣ್ಣಗೇ ಇದ್ದು ಹಾಲು ಚೀಪದಿದ್ದರೆ, ಮನೆಯಲ್ಲಿ ಡ್ರಾಪ್ಸ್ ಹಾಕುತ್ತ ಕೂರದೆ ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.